ಬೈಯುವ ಗಡಿಯಾರದ ರಿಪೇರಿ

ಗೆಳೆಯನಿಗೆ ಮಾಡಿಕೊಟ್ಟ ಗಡಿಯಾರ ಮೂರನೇ ದಿನಕ್ಕೇ ವಾಪಸ್ ಬಂತು. ಕೆಟ್ಟಿರಲಿಲ್ಲ. ಸ್ಕ್ರೀನ್ ಹೊಳೆಯುತ್ತಿತ್ತು, ಬಜರ್ ಕೂಗುತ್ತಿತ್ತು, ಗುಂಡಿ ತಿರುಗಿಸಿದರೆ ನಿಮಿಷ ಏರಿ ಇಳಿಯುತ್ತಿತ್ತು. ತೊಂದರೆ ಇದ್ದದ್ದು ಅದರ ಬಾಯಲ್ಲಿ.

ಜೊತೆಗೊಂದು ಚೀಟಿ ಇತ್ತು. "ಸರ್ಕ್ಯೂಟ್ ಚೆನ್ನಾಗಿದೆ. ಮಾತು ರಿಪೇರಿ ಮಾಡು. ಮೊದಲು ಹಿಂದಿನ ಫಲಕ ನೋಡು." ಅದರ ಕೆಳಗೆ ಹನ್ನೊಂದು ದೂರು.

ನನ್ನ ಗೆಳೆಯನಿಗೆ ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಕಥಾಸರಣಿಯ ಹುಚ್ಚು. ಅದರಲ್ಲಿ ಬರುವ ಕ್ಲಿಂಗನ್ ಅನ್ನುವ ಯುದ್ಧವೀರ ಜನಾಂಗದ ಭಾಷೆಯನ್ನು ವರ್ಷಗಟ್ಟಲೆ ಕಲಿತವನು. ನಾನು ಎರಡು ತಿಂಗಳು ನಿಘಂಟು ತಿರುವಿ ಹಾಕಿದವನು. ಅವನ ಮೇಜಿಗೆ ಅಂತ ಕ್ಲಿಂಗನ್ ಮಾತಾಡುವ ಟೈಮರ್ ಮಾಡಿದ್ದೆ. ಆನ್ ಆದಾಗ, ಎಣಿಕೆ ಶುರುವಾದಾಗ, ಮುಗಿದಾಗ, ತಪ್ಪಾದಾಗ ಸ್ಕ್ರೀನಿನಲ್ಲಿ ಒಂದೊಂದು ಸಾಲು. ಒಟ್ಟು ಹದಿನಾಲ್ಕು ಸಾಲು, ಅಷ್ಟೆ. ಹದಿನಾಲ್ಕರಲ್ಲಿ ಹನ್ನೊಂದು ತಪ್ಪು ಅಂದರೆ ಫಲಿತಾಂಶ ಏನು ಅಂತ ನೀವೇ ಲೆಕ್ಕ ಹಾಕಿ.

ಒಳಗಿರುವ ಸಾಮಾನು ಬೇಗ ಹೇಳಿ ಮುಗಿಸುತ್ತೇನೆ. ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡು, 0.96 ಇಂಚಿನ ಓಎಲ್ಇಡಿ ಪರದೆ, ಡಿಎಸ್3231 ಗಡಿಯಾರ ಮಾಡ್ಯೂಲ್, ಒಂದು ತಿರುಗುವ ಗುಂಡಿ, ಒಂದು ಬಜರ್. ಪರದೆ 128×64 ಚುಕ್ಕಿಗಳದ್ದು. ಒಂದು ಅಕ್ಷರಕ್ಕೆ ಆರು ಚುಕ್ಕಿ ಅಗಲ ಹಿಡಿದರೆ ಸಾಲಿಗೆ 21 ಅಕ್ಷರ. ಪರದೆಯ ಚಿತ್ರಕ್ಕೇ 1024 ಬೈಟ್ ಹೋಗುತ್ತದೆ, ಬೋರ್ಡಿನಲ್ಲಿ ಇರುವ ರ್‍ಯಾಮೇ 2048. ಹಾಗಾಗಿ ಮಾತುಗಳನ್ನೆಲ್ಲ ಫ್ಲ್ಯಾಶ್ ಮೆಮೊರಿಗೆ ಸಾಗಿಸಿದ್ದೆ. ಹಾರ್ಡ್‌ವೇರ್ ಕಡೆ ಇಷ್ಟೇ ಕಷ್ಟ.

ಕ್ಲಿಂಗನ್ ತಾನಾಗಿ ಹುಟ್ಟಿದ ಭಾಷೆ ಅಲ್ಲ. 1984ರ ಸಿನಿಮಾಕ್ಕೋಸ್ಕರ ಮಾರ್ಕ್ ಓಕ್ರಾಂಡ್ ಅನ್ನುವ ಭಾಷಾವಿಜ್ಞಾನಿ ಕಟ್ಟಿದ್ದು. 1985ರಲ್ಲಿ ನಿಘಂಟು ಬಂತು, 1992ರಲ್ಲಿ ಅದಕ್ಕೆ ಇನ್ನಷ್ಟು ಸೇರಿಸಿ ಮತ್ತೆ ಅಚ್ಚು ಹಾಕಿದರು. ವ್ಯಾಕರಣವೂ ಅದರಲ್ಲೇ ಇದೆ. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ: ಪದಗಳ ಪಟ್ಟಿಯನ್ನು ಓದಿದೆ, ವ್ಯಾಕರಣದ ಭಾಗವನ್ನು ಮೇಲಿಂದ ಮೇಲೆ ನೋಡಿದೆ. ಕನ್ನಡದ ಹಾಗೇ ಇದರಲ್ಲೂ ಪದದ ಬಾಲಕ್ಕೆ ಬಾಲ ಹಚ್ಚುತ್ತಾ ಹೋಗಬೇಕು. ಘೊಜ್ ಅಂದರೆ ಕಲಿ, ಘೊಜ್‌ಮೊಹ್ ಅಂದರೆ ಕಲಿಸು. ಇದು ಗೊತ್ತಾದಾಗ "ಓ, ನಮ್ಮದೇ ಥರ" ಅಂತ ಧೈರ್ಯ ಬಂದುಬಿಟ್ಟಿತು. ಬಾಲದಲ್ಲೇ ಮರ್ಯಾದೆ, ಬೈಗುಳ, ಅನುಮಾನ, ಹಟ ಎಲ್ಲ ಅಡಗಿದೆ ಅಂತ ಆಗ ಹೊಳೆಯಲಿಲ್ಲ.

ಓದುವವರಿಗೆ ಒಂದು ಮಾತು. ಪರದೆಯಲ್ಲಿ ಕ್ಲಿಂಗನ್ ರೋಮನ್ ಅಕ್ಷರದಲ್ಲಿದೆ, ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೋಮನ್‌ನಲ್ಲಿ ಬರೆಯುವಾಗ ಸಣ್ಣ ಕ್ಯೂ ಬೇರೆ ಅಕ್ಷರ, ದೊಡ್ಡ ಕ್ಯೂ ಬೇರೆ ಅಕ್ಷರ. ಎರಡೂ ಗಂಟಲ ಆಳದಿಂದ ಬರುವ ಸದ್ದು, ದೊಡ್ಡದಕ್ಕೆ ಗೊರಗೊರ ಜಾಸ್ತಿ. ಭಾಷೆಯಲ್ಲಿ ನಮ್ಮ ಕ ಇಲ್ಲ. ಅದಕ್ಕೇ ಸಣ್ಣದಕ್ಕೆ ಕ, ದೊಡ್ಡದಕ್ಕೆ ಖ ಅಂತ ಇಟ್ಟುಕೊಂಡಿದ್ದೇನೆ. ಡ ಮತ್ತು ಷ ಮಾತ್ರ ಹೆಚ್ಚುಕಡಿಮೆ ನಮ್ಮವೇ, ನಾಲಿಗೆ ಮಡಚಿ ಹೇಳುವಂಥವು. ’ ಈ ಗುರುತು ಕಂಡ ಕಡೆ ಗಂಟಲು ಒಂದು ಕ್ಷಣ ಮುಚ್ಚಿ ಬಿಡಬೇಕು. ಕ್ಲಿಂಗನ್‌ಗೆ ಪಿಕಡ್ ಅನ್ನುವ ಅದರದೇ ಲಿಪಿ ಇದೆ. ಲಿಪಿಗಳಿಗೆ ಕಂಪ್ಯೂಟರ್ ಸಂಕೇತ ಗೊತ್ತುಮಾಡುವ ಯೂನಿಕೋಡ್ ಸಂಸ್ಥೆ ಅದನ್ನು 2001ರಲ್ಲಿ ಬೇಡ ಅಂದಿತು. ನಾನೇ ಚುಕ್ಕಿ ಚುಕ್ಕಿ ಇಟ್ಟು ಫಾಂಟ್ ಮಾಡೋಣ ಅಂತ ಹೊರಟು ನಾಲ್ಕನೇ ಅಕ್ಷರಕ್ಕೆ ಕೈಬಿಟ್ಟೆ.

ಈಗ ಫಲಕ. ಗಡಿಯಾರದ ಹಿಂದೆ ಮರದ ತುಂಡೊಂದಕ್ಕೆ ಸುಡುವ ಪೆನ್ನಿನಿಂದ "ನನ್ನ ಗೆಳೆಯನ ಗಡಿಯಾರ" ಅಂತ ಬರೆದಿದ್ದೆ. ಜುಪ್‌ವಿಜ್ ತ್ಲಕ್. ಜುಪ್ ಅಂದರೆ ಗೆಳೆಯ, -ವಿಜ್ ಅಂದರೆ ನನ್ನ, ತ್ಲಕ್ ಅಂದರೆ ಗಡಿಯಾರ. ನಿಘಂಟಿನ ಪ್ರಕಾರ ಎಲ್ಲ ಸರಿ. ಚೀಟಿಯಲ್ಲಿ ಗೆಳೆಯ ಬರೆದಿದ್ದ: "ನಾನು ನಿನ್ನ ಗೆಳೆಯನೋ, ನಿನ್ನ ಸ್ಕ್ರೂಡ್ರೈವರೋ?"

ಕ್ಲಿಂಗನ್‌ನಲ್ಲಿ "ನನ್ನ" ಅನ್ನೋದಕ್ಕೆ ಎರಡು ಬಾಲ. ಮಾತು ಬಲ್ಲ ಜೀವಿಗಳಿಗೆ -ವಿ’, ಉಳಿದ ಎಲ್ಲದಕ್ಕೆ -ವಿಜ್. ನನ್ನ ಮನೆ ಅಂದರೆ -ವಿಜ್, ನನ್ನ ಮಗು ಅಂದರೆ -ವಿ’. ಮನುಷ್ಯರಿಗೆ -ವಿಜ್ ಹಚ್ಚಿದರೆ ವ್ಯಾಕರಣ ಕೆಡಲ್ಲ, ಮರ್ಯಾದೆ ಕೆಡುತ್ತದೆ. ಎದುರಿಗಿರುವವನನ್ನು ತೋರಿಸಿ "ಇದು ಯಾವಾಗ ಬಂತು?" ಅಂತ ಕೇಳಿದ ಹಾಗೆ. ವಾಕ್ಯದಲ್ಲಿ ಒಂದು ತಪ್ಪೂ ಇಲ್ಲ, ಆದರೂ ಜಗಳ ಗ್ಯಾರಂಟಿ. ಅಕ್ಕರೆ ತೋರಿಸೋಕೆ -ಓಯ್ ಅಂತ ಇನ್ನೊಂದು ಬಾಲ ಇದೆ. ಅದು ಅಪ್ಪ ಅಮ್ಮ ಸಾಕುಪ್ರಾಣಿಗಳಿಗೆ ಹಚ್ಚುವಂಥದ್ದು. ಪೂರ್ತಿ ನಂಬಿಕೆ ಇಲ್ಲದೆ ಕಲಿಯುವವರು ಅದನ್ನು ಬಳಸಬೇಡಿ ಅಂತ ವ್ಯಾಕರಣದಲ್ಲೇ ಎಚ್ಚರಿಸಿದ್ದಾರೆ. ಪುಣ್ಯಕ್ಕೆ ನಾನು ಆ ಪುಟ ಓದಿದ್ದೆ.

ಮರದ ಕೆಲಸ ಕೊನೆಗೆ ಇರಲಿ ಅಂತ ಫಲಕ ಬಿಚ್ಚಿ ಪಕ್ಕಕ್ಕಿಟ್ಟೆ. ಮಾತುಗಳಿಗೆ ಕೈ ಹಾಕಿದೆ.

ಮೊದಲ ದೂರು ನಗು ತರಿಸಿತು. ಗಡಿಯಾರ ಮಾಡ್ಯೂಲಿನ ತಂತಿ ಸಡಿಲವಾದರೆ ಪರದೆಯಲ್ಲಿ "ದೋಷ" ಅಂತ ಬರಬೇಕು. ಪದ ಖಘ್, ತಪ್ಪು. ನಾನು ಕೋಡಿನಲ್ಲಿ ಸರಿಯಾಗೇ ಬರೆದಿದ್ದೆ. ಆದರೆ ಹಳೆಯ ಪ್ರಾಜೆಕ್ಟಿನಿಂದ ತಂದ ಒಂದು ಫಂಕ್ಷನ್ ಪರದೆಗೆ ಹೋಗುವ ಅಕ್ಷರಗಳನ್ನೆಲ್ಲ ಸಣ್ಣದು ಮಾಡುತ್ತಿತ್ತು. ಖ ಹೋಗಿ ಕ ಆಯಿತು. ಕಘ್ ಅಂದರೆ ಕ್ಲಿಂಗನ್ನರು ತಟ್ಟೆಯಲ್ಲಿ ಹಾಕಿಕೊಂಡು ತಿನ್ನುವ ಹುಳ. ತಂತಿ ಅಲುಗಾಡಿದಾಗೆಲ್ಲ ಗಡಿಯಾರ "ಹುಳ! ಹುಳ!" ಅಂತ ಮಿನುಗುತ್ತಿತ್ತು.

ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಬೈಸಿಕೊಂಡು ಬೆಳೆದವನಿಗೆ ಇದು ಗೊತ್ತಿರಬೇಕಿತ್ತು, ಅಲ್ವಾ? ಅದೇ ಫಂಕ್ಷನ್ ಸಹಾಯದ ಮೆನುವನ್ನೂ ಕೆಡಿಸಿತ್ತು. ಖಹ್ ಅಂದರೆ ನೆರವು, ಕಹ್ ಅಂದರೆ "ಸಾರ್". ಗುಂಡಿಯನ್ನು ಉದ್ದಕ್ಕೆ ಒತ್ತಿ ಹಿಡಿದರೆ ನೆರವು ಬರುವ ಬದಲು ಗಡಿಯಾರ ಸಲಾಂ ಹೊಡೆಯುತ್ತಿತ್ತು. ಫಂಕ್ಷನ್ ತೆಗೆದು ಬಿಸಾಕಿದೆ. ಎರಡು ದೂರು ಒಂದೇ ಏಟಿಗೆ ಹೋದವು. ಆ ದಿನದ ಗೆಲುವು ಅಲ್ಲಿಗೇ ಮುಗಿಯಿತು.

ಮುಂದಿನದು ಬರೀ ಕೋಡಿನ ತಪ್ಪಲ್ಲ, ನನ್ನ ತಲೆಯ ತಪ್ಪು. ಹೊಂದಿಸಿದ ನಿಮಿಷಗಳನ್ನು ಗಡಿಯಾರ ನೆನಪಿಟ್ಟುಕೊಳ್ಳುತ್ತದೆ. ಬರೆದ ಮೇಲೆ ಮತ್ತೆ ಓದಿ ನೋಡುತ್ತದೆ, ಎರಡೂ ಹೊಂದದಿದ್ದರೆ "ಉಳಿಸೋಕೆ ಆಗಲ್ಲ" ಅನ್ನಬೇಕು. ಪೊಲ್ ಅಂದರೆ ಇಟ್ಟುಕೋ, ಉಳಿಸು. "ಇಲ್ಲ" ಅನ್ನೋದಕ್ಕೆ ಎರಡು ಬಾಲ ಕಂಡವು, -ಬೆ’ ಮತ್ತು -ಖೊ’. ಎರಡನೆಯದು ಸ್ವಲ್ಪ ಖಡಕ್ಕಾಗಿ ಕೇಳಿಸಿತು. ಕ್ಲಿಂಗನ್ ಅಲ್ವಾ, ಖಡಕ್ಕಾಗೇ ಇರಲಿ ಅಂತ ವಿಪೊಲ್‌ಖೊ’ ಅಂತ ಬರೆದೆ.

ಅದರ ಅರ್ಥ "ನಾನು ಉಳಿಸಲ್ಲ, ಹೋಗು". -ಬೆ’ ಸಾದಾ ನಿರಾಕರಣೆ. -ಖೊ’ ಅಂದರೆ ಮನಸ್ಸಿದ್ದೇ ಬೇಡ ಅನ್ನುವುದು, ಹಟ ಹಿಡಿಯುವುದು. "ಮಾಡಬೇಡ" ಅಂತ ಆಜ್ಞೆ ಕೊಡುವಾಗಲೂ ಅದೇ ಬಾಲ. ನಾನು ಎಡವಿದ್ದು ಎಲ್ಲಿ ಅಂತ ಯೋಚಿಸಿದರೆ, ಕನ್ನಡದ "ಆಗಲ್ಲ"ದಲ್ಲಿ. ನಾವು "ಆಗಲ್ಲ" ಅಂದಾಗ ಕೈಲಾಗಲ್ಲ ಅಂತಲೂ ಇರಬಹುದು, ಇಷ್ಟವಿಲ್ಲ ಅಂತಲೂ ಇರಬಹುದು. ಕೇಳುವವನು ದನಿ ನೋಡಿ ತಿಳಿದುಕೊಳ್ಳುತ್ತಾನೆ. ಪರದೆಗೆ ದನಿ ಇಲ್ಲ. ಕ್ಲಿಂಗನ್ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಡುತ್ತದೆ. ಕೈಲಾಗು ಅನ್ನೋದಕ್ಕೆ -ಲಹ್, ಅದಕ್ಕೆ -ಬೆ’ ಹಚ್ಚಿದರೆ ಕೈಲಾಗದು.

ಸರಿ, ಹಾಗಾದರೆ "ಉಳಿಸಲಾಗದು" ಅಂತ ಕರ್ತೃ ಇಲ್ಲದೆ ಬರೆಯೋಣ ಅಂದುಕೊಂಡೆ. ಯಂತ್ರಗಳು ಹಾಗೇ ತಾನೇ ಮಾತಾಡೋದು, ಯಾರ ತಪ್ಪೂ ಅಲ್ಲ ಅನ್ನುವ ಹಾಗೆ. ಯಾರು ಮಾಡಿದ್ದು ಅಂತ ಹೇಳದೆ ಇರೋಕೆ -ಲು’ ಅನ್ನುವ ಬಾಲ ಇದೆ. ಆದರೆ ವ್ಯಾಕರಣ ಬಾಲಗಳನ್ನು ಗುಂಪುಗಳಾಗಿ ಹಂಚಿದೆ, -ಲಹ್ ಮತ್ತು -ಲು’ ಎರಡೂ ಐದನೇ ಗುಂಪಿನವು. ಒಂದು ಗುಂಪಿನಿಂದ ಒಂದೇ ಬಾಲ ತೆಗೆದುಕೊಳ್ಳಬಹುದು. ಒಂದು ಕುರ್ಚಿ, ಇಬ್ಬರು. ಅಂದರೆ ನಮ್ಮ ಸರ್ಕಾರಿ ಪತ್ರದ ಧಾಟಿಯ "ಸಾಧ್ಯವಾಗುವುದಿಲ್ಲ" ಅನ್ನೋದನ್ನ ಪುಸ್ತಕದ ವ್ಯಾಕರಣದಲ್ಲಿ ಒಂದೇ ಪದಕ್ಕೆ ತುರುಕೋಕೆ ದಾರಿ ಇಲ್ಲ. ಯಾರ ಕೈಲಿ ಆಗಲಿಲ್ಲ ಅಂತ ಹೆಸರು ಹೇಳಲೇಬೇಕು. ಅರ್ಧ ದಿನ ಸುಮ್ನೆ ಕೂತು ಕೊನೆಗೆ ಪೊಲ್‌ಲಹ್‌ಬೆ’ ತ್ಲಕ್ ಅಂತ ಹಾಕಿದೆ. "ಗಡಿಯಾರದ ಕೈಲಿ ಉಳಿಸೋಕೆ ಆಗದು." ಕರ್ತೃ ಕೊನೆಗೆ ಬರುತ್ತದೆ, ಕ್ಲಿಂಗನ್‌ನಲ್ಲಿ ಕ್ರಮವೇ ಹಾಗೆ: ಕರ್ಮ, ಕ್ರಿಯೆ, ಆಮೇಲೆ ಕರ್ತೃ. ತಪ್ಪು ಒಪ್ಪಿಕೊಂಡು ಕೊನೆಗೆ ಸಹಿ ಹಾಕಿದ ಹಾಗಿದೆ. ನನಗೆ ಹಿಡಿಸಿತು.

ಆ ಮೊದಲು "ಕ್ಷಮಿಸಿ" ಅಂತ ಬೇರೆ ಒಂದು ಸಾಲು ಇತ್ತು. ಜಿತ್ಲಿಜ್, ನಾನು ಕ್ಷಮೆ ಕೇಳುತ್ತೇನೆ. ಕ್ಲಿಂಗನ್‌ನಲ್ಲಿ ಕ್ಷಮೆಗೆ ಪದವೇ ಇಲ್ಲ, ಥ್ಯಾಂಕ್ಸ್‌ಗೆ ಪದವೇ ಇಲ್ಲ ಅಂತೆಲ್ಲ ಹೇಳುವವರಿದ್ದಾರೆ. ಎರಡೂ ಇವೆ. ಕತ್ಲೊ’ ಅಂದರೆ ನಿನಗೆ ಥ್ಯಾಂಕ್ಸ್. ಪದ ಇದೆಯಾ ಇಲ್ಲವಾ ಅನ್ನೋದು ಸುಲಭದ ಪ್ರಶ್ನೆ. ಆ ಬಾಯಲ್ಲಿ ಅದು ಎಷ್ಟು ತೂಗುತ್ತದೆ ಅನ್ನೋದು ಕಷ್ಟದ್ದು. ನಮ್ಮ ಆ್ಯಪ್‌ಗಳು ನಿಮಿಷಕ್ಕೊಂದು ಸಾರಿ ಸಾರಿ ಅನ್ನುತ್ತವೆ, ಅದಕ್ಕೆ ಬೆಲೆಯೇ ಇಲ್ಲ. ಯುದ್ಧವೀರನ ಭಾಷೆಯಲ್ಲಿ ತಂತಿ ಸಡಿಲವಾದದ್ದಕ್ಕೆಲ್ಲ ಕ್ಷಮೆ ಕೇಳಿದರೆ ಗಡಿಯಾರ ಹೇಡಿಯಂತೆ ಕಾಣುತ್ತದೆ. ಗೆಳೆಯ ಚೀಟಿಯಲ್ಲಿ ಇದಕ್ಕೆ ಎರಡು ಗೆರೆ ಎಳೆದಿದ್ದ.

ಬದಲಿಗೆ ಡೊ’ಹಾ’ ಹಾಕೋಣ ಅನ್ನಿಸಿತು. ಡೊ’ ಅಂದರೆ ಅದೃಷ್ಟವಿರು. -ಹಾ’ ಅಂದರೆ ಬಿಚ್ಚು, ತಿರುಗಿಸು, ಕೆಡಿಸು. ಎರಡೂ ಸೇರಿ "ಗ್ರಹಚಾರ". ಈ -ಹಾ’ ಬಗ್ಗೆ ಒಂದು ಸಣ್ಣ ಮಾತು, ವಿಷಯಕ್ಕೆ ಬೇಕಿಲ್ಲದಿದ್ದರೂ. ಪರ್ ಅಂದರೆ ಇಷ್ಟವಾಗದಿರು. ಅದೇ ಮೂಲ ಪದ. ಇಷ್ಟಪಡು ಅನ್ನಬೇಕಾದರೆ ಆ ಇಷ್ಟವಿಲ್ಲದಿರುವಿಕೆಯನ್ನು ಬಿಚ್ಚಬೇಕು: ಪರ್‌ಹಾ’. ಬರೀ ಪರ್‌ಬೆ’ ಅಂದರೆ "ಇಷ್ಟವಿಲ್ಲ ಅಂತೇನಿಲ್ಲ" ಅನ್ನುವ ಜಾಣತನದ ಉತ್ತರ. ಹಗೆಯಿಂದ ಶುರುಮಾಡಿ ಅಕ್ಕರೆಗೆ ಬರುವ ಭಾಷೆ! ಇದನ್ನು ಓದಿದ ದಿನ ನಾನು ಮತ್ತೇನೂ ಓದಲಿಲ್ಲ.

ಡೊ’ಹಾ’ ಕೂಡ ನಿಲ್ಲಲಿಲ್ಲ. ನನ್ನ ಕೆಟ್ಟ ಬೆಸುಗೆಗೆ ಅದೃಷ್ಟವನ್ನು ಬೈಯುವುದು ಸರಿಯಲ್ಲ. ಆ ಸಾಲನ್ನೇ ತೆಗೆದೆ. ಖಘ್ ಅಂತ ಒಂದು ಪದ ಮಿನುಗಿದರೆ ಸಾಕು.

ಎಣಿಕೆಯ ಸಾಲುಗಳಿಗೆ ಬಂದಾಗ ನಿಜವಾದ ಮಜಾ ಶುರುವಾಯಿತು. ತೊಘ್ ಅಂದರೆ ಎಣಿಸು. ನಾನು ನಾಲ್ಕು ಕಡೆ ಬಳಸಿದ್ದೆ, ಮೂರು ಕಡೆ ತಪ್ಪು.

"ಎಣಿಸೋಕೆ ಸಿದ್ಧ" ಅಂತ ತೊಘ್‌ರುಪ್ ಬರೆದಿದ್ದೆ. -ರುಪ್ ಅನ್ನೋದು ಜೀವಿಗಳ ಸಿದ್ಧತೆ. ಸೊಂಟ ಕಟ್ಟಿ ನಿಂತವನ ಸಿದ್ಧತೆ. ಯಂತ್ರಕ್ಕೆ -ಬೆಹ್ ಅಂತ ಬೇರೆಯೇ ಇದೆ, ಅಂದರೆ ಎಲ್ಲ ಜೋಡಿಸಿ ಇಟ್ಟಿದೆ, ಗುಂಡಿ ಒತ್ತಿದರೆ ಆಯಿತು. ತೊಘ್‌ಬೆಹ್. ಒಂದು ನಿಮಿಷದ ತಿದ್ದುಪಡಿ.

ಗಡಿಯಾರದಲ್ಲಿ ಎರಡು ಕೆಲಸ ಇವೆ. ಒಂದು ಸ್ಟಾಪ್‌ವಾಚ್, ಸೊನ್ನೆಯಿಂದ ಮೇಲಕ್ಕೆ ಓಡುತ್ತದೆ, ನೀವು ನಿಲ್ಲಿಸುವ ತನಕ. ಇನ್ನೊಂದು ಟೈಮರ್, 25 ನಿಮಿಷದಿಂದ ಕೆಳಕ್ಕೆ ಇಳಿಯುತ್ತದೆ. ಎರಡಕ್ಕೂ ನಾನು "ಎಣಿಸುತ್ತಿದೆ" ಅಂತ ತೊಘ್‌ತಹ್ ಹಾಕಿದ್ದೆ. ಕನ್ನಡದಲ್ಲಿ ಎರಡೂ "ಎಣಿಸುತ್ತಿದೆ"ಯೇ. ಕ್ಲಿಂಗನ್‌ಗೆ ಇಲ್ಲಿ ಎರಡು ಬಾಲ. -ತಹ್ ಅಂದರೆ ನಡೆಯುತ್ತಾ ಇದೆ, ಎಲ್ಲಿಗೆ ಅಂತ ಗೊತ್ತಿಲ್ಲ. -ಲಿ’ ಅಂದರೆ ನಡೆಯುತ್ತಾ ಇದೆ, ಮುಟ್ಟಬೇಕಾದ ಜಾಗ ಗೊತ್ತಿದೆ. ವ್ಯಾಕರಣದಲ್ಲಿ ಕೊಟ್ಟಿರುವ ಉದಾಹರಣೆ ಹತ್ತಿರ ಬರುತ್ತಿರುವ ಕ್ಷಿಪಣಿಯದು. ಅದರ ಗುರಿ ಯಾವುದು ಅಂತ ತಿಳಿದಿದ್ದರೆ ಚೊಲ್‌ಲಿ’, ತಿಳಿಯದಿದ್ದರೆ ಚೊಲ್‌ತಹ್. ಓದಿದ ಕೂಡಲೇ ಬೆನ್ನು ತಣ್ಣಗಾಗುವ ಉದಾಹರಣೆ. ಒಂದು ಬಾಲದಿಂದ ಬದುಕು ಸಾವು ತಿಳಿಯುತ್ತದೆ.

ಹಾಗಾಗಿ ಸ್ಟಾಪ್‌ವಾಚಿಗೆ ತೊಘ್‌ತಹ್, ಟೈಮರಿಗೆ ತೊಘ್‌ಲಿ’. ಕೋಡಿನಲ್ಲಿ ಒಂದೇ ಸಾಲು ಬದಲಾಯಿತು. ಆದರೆ ಪರದೆಯ ಮೇಲೆ ಅದನ್ನು ನೋಡಿದಾಗ, ಇಡೀ ರಿಪೇರಿಯಲ್ಲಿ ಇಷ್ಟು ಸಂತೋಷ ಬೇರೆ ಯಾವುದೂ ಕೊಡಲಿಲ್ಲ. ಟೈಮರಿನ ಸ್ವಭಾವವೇ ಆ ಬಾಲದಲ್ಲಿ ಕೂತಿತ್ತು.

ಮುಗಿದ ಮೇಲೆ ತೊಘ್‌ಪು’ ಅಂತ ಇತ್ತು. ಇದು ವ್ಯಾಕರಣದ ತಪ್ಪಲ್ಲ, ಸಪ್ಪೆ. -ಪು’ ಅಂದರೆ ಆಯಿತು, ಹೇಗೋ ಆಯಿತು. -ತಾ’ ಅಂದರೆ ಮಾಡಬೇಕು ಅಂತಲೇ ಹೊರಟು ಮಾಡಿ ಮುಗಿಸಿದ್ದು. ಕೊಂದರು ಅನ್ನುವಾಗ -ಪು’ ಹಾಕಿದರೆ ಕೈತಪ್ಪಿಯೂ ಇರಬಹುದು, -ತಾ’ ಹಾಕಿದರೆ ಬೇಕಂತಲೇ. 25 ನಿಮಿಷ ಲೆಕ್ಕ ತಪ್ಪದೆ ಎಣಿಸಿದ ಯಂತ್ರಕ್ಕೆ -ತಾ’ ಸಲ್ಲಬೇಕು. ತೊಘ್‌ತಾ’.

ಅದರ ಕೆಳಗೆ ಬಳಸುವವನಿಗೆ ಶಭಾಷ್ ಹೇಳುವ ಸಾಲು ಇತ್ತು. ಮಜ್‌ಖಾ’, ಅಂದರೆ ಭಲೇ, ಅದ್ಭುತ. ಗೆಳೆಯ ಬರೆದಿದ್ದ: "25 ನಿಮಿಷ ಕುರ್ಚಿಯಲ್ಲಿ ಕೂತಿದ್ದಕ್ಕೆ ಇಷ್ಟು ದೊಡ್ಡ ಮಾತು ಬೇಡ ಕಣೋ. ಕೋಟೆ ಗೆದ್ದವನಿಗೆ ಏನು ಉಳಿಸುತ್ತೀಯ?" ಚಿಕ್ಕ ಪದ ಮಜ್. "ಹ್ಞೂಂ, ಸರಿ, ಚೆನ್ನಾಯ್ತು." ತೃಪ್ತಿ ಅಷ್ಟೇ, ಚಪ್ಪಾಳೆ ಇಲ್ಲ. ಮಜ್ ಹಾಕಿದೆ.

ಕೊನೆಯ ಹತ್ತು ಸೆಕೆಂಡು ಅಂಕಿಗಳ ಬದಲು ಪದಗಳು ಓಡುತ್ತವೆ. ಕ್ಲಿಂಗನ್ನರು ಹಿಂದೆ ಮೂರರ ಲೆಕ್ಕದಲ್ಲಿ ಎಣಿಸುತ್ತಿದ್ದರಂತೆ, ಆಮೇಲೆ ಹತ್ತರ ಲೆಕ್ಕಕ್ಕೆ ಬಂದರಂತೆ. ನಾನು ಹತ್ತರ ಲೆಕ್ಕವನ್ನೇ ಇಟ್ಟಿದ್ದೆ. ಇಲ್ಲಿ ನನಗೆ ಗೊತ್ತಿಲ್ಲದೆ ಒಂದು ಚಂದ ಆಗಿತ್ತು. ಲೊಷ್ ಅಂದರೆ ನಾಲ್ಕು, ಕಾಯು ಅಂತಲೂ ಅರ್ಥ. ವೆಜ್ ಅಂದರೆ ಮೂರು, "ಇನ್ನೂ ಇಲ್ಲ" ಅಂತಲೂ ಅರ್ಥ. ಚಾ’ ಅಂದರೆ ಎರಡು, ತೋರಿಸು ಅಂತಲೂ ಅರ್ಥ. ಪಘ್ ಅಂದರೆ ಸೊನ್ನೆ, ಏನೂ ಇಲ್ಲ. ನಾಲ್ಕು, ಮೂರು, ಎರಡು ಅಂತ ಇಳಿಯುವಾಗ "ಕಾಯಿ, ಇನ್ನೂ ಆಗಿಲ್ಲ, ಈಗ ತೋರಿಸು" ಅಂದಂತೆ. ಚೀಟಿಯಲ್ಲಿ ಇದರ ಪಕ್ಕ: "ಇದನ್ನು ಮುಟ್ಟಬೇಡ."

ಅದೇ ಕಾರಣಕ್ಕೆ "ದಯವಿಟ್ಟು ಕಾಯಿರಿ" ಅನ್ನುವ ಕಡೆ ತೊಡಕಾಗಿತ್ತು. ನಾನು ಬರೀ ಲೊಷ್ ಹಾಕಿದ್ದೆ. ಟೈಮರಿನ ಪರದೆಯಲ್ಲಿ ಒಂಟಿಯಾಗಿ "ನಾಲ್ಕು" ಅಂತ ಕಂಡರೆ ಯಾರು ತಾನೇ ಕಾಯುತ್ತಾರೆ? ಮುಂದೆ ಯಿ- ಸೇರಿಸಿದರೆ ಆಜ್ಞೆ ಅಂತ ಖಚಿತವಾಗುತ್ತದೆ: ಯಿಲೊಷ್, ಕಾಯಿ. "ದಯವಿಟ್ಟು" ಬಿಟ್ಟುಹೋಯಿತು, ಅದಕ್ಕೆ ಪದ ಇಲ್ಲ. ಮೇಲಿನವರ ಜೊತೆ ಮಾತಾಡುವಾಗ ಮರ್ಯಾದೆಗೆ -ನೆಷ್ ಹಚ್ಚಬಹುದು. ಹಚ್ಚಿ ನೋಡಿದೆ. ಗಡಿಯಾರ ದೊರೆಗೆ ಆಜ್ಞೆ ಕೊಡುತ್ತಾ ಕೈಮುಗಿದ ಹಾಗಾಯಿತು. ತೆಗೆದೆ.

ಸ್ವಾಗತದ ಸಾಲಿನಲ್ಲಿ ಮಾತ್ರ ನಾನು ಗೆದ್ದೆ. ನುಕ್‌ನೆಹ್. ಎಲ್ಲರೂ ಇದನ್ನು ನಮಸ್ಕಾರ ಅಂತ ಬಳಸುತ್ತಾರೆ, ನಿಜವಾದ ಅರ್ಥ "ಏನು ಬೇಕು?" ಬಾಗಿಲು ತೆರೆದವನು ಹೀಗೆ ಕೇಳಿದರೆ ಮುಖಕ್ಕೆ ಹೊಡೆದ ಹಾಗಿರುತ್ತದೆ. ಆದರೆ ಗುಂಡಿ ಒತ್ತಿದವನನ್ನು ಟೈಮರ್ ಕೇಳಬೇಕಾದ ಮಾತೇ ಅದು. ಅಲ್ಲೇ ಬಿಟ್ಟೆ.

ಸಮಯ ತೋರಿಸುವ ಪುಟದ ತಲೆಬರಹ ನೋಡಿ ಗೆಳೆಯ ನಕ್ಕಿರಬೇಕು. ಪೊಹ್ ನುಕ್ ಅಂತ ಇತ್ತು. ಅವಧಿ, ಏನು. ಎರಡು ಪದ ಪಕ್ಕಪಕ್ಕ ಕೂತಿದ್ದವು, ಮಾತಾಗಿರಲಿಲ್ಲ. "ಗಂಟೆ ಎಷ್ಟು" ಅಂತ ಕೇಳೋಕೆ ಕ್ಲಿಂಗನ್‌ನಲ್ಲಿ ಕಟ್ಟಿಟ್ಟ ಮಾತಿದೆ: ’ಅರ್‌ಲೊಘ್ ಖೊಯ್‌ಲು’ಪು’. ಬಿಡಿಸಿದರೆ "ಎಷ್ಟು ಸಲ ಕೇಳಿಸಿದೆ?" ಎಲ್ಲೋ ಏನೋ ಬಾರಿಸುತ್ತಿತ್ತು, ಅದನ್ನು ಯಾರೋ ಎಣಿಸುತ್ತಿದ್ದರು ಅನ್ನುವ ಚಿತ್ರ. ನಾವೂ ಗಂಟೆ ಅಂದಾಗ ಲೋಹದ ಗಂಟೆಯನ್ನೇ ಹೇಳುತ್ತಿದ್ದೇವೆ, ನೆನಪಿರಲ್ಲ ಅಷ್ಟೆ. ಪ್ರಶ್ನೆ ಗುರುತು ಸೇರಿ 18 ಅಕ್ಷರ, ಪರದೆಯ 21ರೊಳಗೆ ಸರಿಯಾಗಿ ಕೂತಿತು.

ಬ್ಯಾಟರಿ ಕಡಿಮೆ ಆದಾಗಿನ ಸಾಲು: ಪುಜ್‌ಚೊಹ್, ಬಲ ಕುಂದುತ್ತಿದೆ. ಪುಜ್ ಅಂದರೆ ದುರ್ಬಲವಾಗಿರು. ಕ್ಲಿಂಗನ್ನರ ಬಾಯಲ್ಲಿ ಇದು ಹೆಚ್ಚುಕಡಿಮೆ ಬೈಗುಳ. ನಮ್ಮಲ್ಲಿ ಬ್ಯಾಟರಿ ವೀಕು ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಬದಲಾಗಿ ಹೊಷ್ ಹುತ್ಲ್ ತ್ಲಕ್ ಅಂತ ಮಾಡಿದೆ, "ಗಡಿಯಾರಕ್ಕೆ ಶಕ್ತಿ ಇಲ್ಲ". ಆಮೇಲೆ ನನಗೇ ಕಿರಿಕಿರಿ. ಬ್ಯಾಟರಿ ಅಳೆಯೋಕೆ ನಾನು ಬಳಸಿದ್ದು ಚಿಪ್ಪಿನ ಒಳಗಿನ 1.1 ವೋಲ್ಟ್ ರೆಫರೆನ್ಸ್, ಅಂದರೆ ಹೋಲಿಸಿ ನೋಡೋಕೆ ಇಟ್ಟ ವೋಲ್ಟೇಜ್. ಅದು ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಎಲ್ಲಾದರೂ ಇರಬಹುದು. ನನ್ನ ಅಳತೆಯೇ ಅಂದಾಜು, ಮಾತು ಮಾತ್ರ ಖಡಾಖಂಡಿತ! ಕ್ಲಿಂಗನ್‌ನಲ್ಲಿ ಇದಕ್ಕೂ ಬಾಲ ಇದೆ. -ಲವ್’ ಅಂದರೆ ಹಾಗೆ ಕಾಣುತ್ತದೆ, ಇರಬೇಕು. -ಬೆಜ್ ಅಂದರೆ ಖಂಡಿತ. ಅಳತೆ ಗೆರೆಯ ಹತ್ತಿರ ಬಂದಾಗ ಹುತ್ಲ್‌ಲವ್’, ಗೆರೆಯಿಂದ ತೀರ ಕೆಳಗೆ ಇಳಿದಾಗ ಹುತ್ಲ್‌ಬೆಜ್. ಚಿಪ್ಪಿನ ಡೇಟಾಶೀಟ್ ನೋಡಿ ವ್ಯಾಕರಣ ತಿದ್ದಿದ್ದು ಇದೇ ಮೊದಲು.

ರದ್ದು ಮಾಡುವ ಮುಂಚೆ ಒಮ್ಮೆ ಕೇಳಬೇಕು. ಡಕಿಲ್ ಡನೆಹ್‌ಬೆಜ್’ಆ’, "ರದ್ದು ಮಾಡಲೇಬೇಕು ಅಂತಿದ್ದೀಯಾ?" ಇಲ್ಲಿ ಗೆಳೆಯನದೇ ಒಂದು ತರಲೆ ಸಲಹೆ ಇತ್ತು: ಡಕಿಲ್‌ವಿಪ್’ಆ’, "ರದ್ದು ಮಾಡೋಕೆ ಹೆದರಿಕೆಯಾ?" -ವಿಪ್ ಅಂದರೆ ಹೆದರು. ಇದನ್ನು ನೀನು, ಅವನು ಅಂತ ಧಾರಾಳವಾಗಿ ಬಳಸಬಹುದು. ನಾನು, ನಾವು ಅಂತ ಬಳಸುವುದು ತೀರ ಅಪರೂಪ. ವ್ಯಾಕರಣ ಬೇಡ ಅನ್ನಲ್ಲ, ಕ್ಲಿಂಗನ್ನರು ಒಪ್ಪಲ್ಲ. ಸಲಹೆಯನ್ನು ಹಾಗೇ ಹಾಕಿಬಿಟ್ಟೆ. ಅವನ ಗಡಿಯಾರ, ಅವನೇ ಹೆದರಲಿ.

ಮಾತೆಲ್ಲ ಮುಗಿದು ಮತ್ತೆ ಮರಕ್ಕೆ ಬಂದೆ. ಜುಪ್‌ವಿಜ್ ಅನ್ನು ಜುಪ್‌ವಿ’ ಮಾಡಬೇಕು. ಹೊಸ ಫಲಕ ಮಾಡಬಹುದಿತ್ತು. ಆದರೆ ಎರಡು ಸಂಜೆ ಕೂತು ಸುಟ್ಟು ಬರೆದದ್ದು, ಬಿಸಾಕೋಕೆ ಮನಸ್ಸು ಬರಲಿಲ್ಲ. ನೋಡುತ್ತಾ ಕೂತೆ. ತಪ್ಪಿರುವುದು ಒಂದೇ ಅಕ್ಷರ, ರೋಮನ್ ಜೆ. ಅದರ ಜಾಗದಲ್ಲಿ ಬೇಕಾದದ್ದು ಮೇಲಿನ ಗಂಟಲ ಗುರುತು. ಜೆ ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಇದೆ. ಗುರುತು ಕೂರಬೇಕಾದ ಎತ್ತರದಲ್ಲೇ ಇದೆ!

ಚುಕ್ಕಿ ಇರಲಿ, ಕೆಳಗಿನ ಕೊಕ್ಕೆ ಹೋದರೆ ಸಾಕು. ಚಾಕುವಿನ ತುದಿಯಿಂದ ಕೊಕ್ಕೆಯೊಳಗಿನ ಕರಕಲನ್ನು ಕೆರೆದು ತೆಗೆದೆ. ಕರಕಲು ಒಳಗೆ ಉಳಿದರೆ ಎಷ್ಟು ತುಂಬಿಸಿದರೂ ಕಪ್ಪು ಮೇಲೆ ಬರುತ್ತದೆ. ಅದೇ ಮರದ ತುಂಡನ್ನು ಉಜ್ಜಿ ಬಂದ ನುಣುಪು ಪುಡಿಗೆ ಮರದ ಗೋಂದು ಹಾಕಿ, ಗಟ್ಟಿ ಕಲಸಿ, ಹಲ್ಲುಕಡ್ಡಿಯಿಂದ ತುರುಕಿದೆ. ಸ್ವಲ್ಪ ಉಬ್ಬಿಸಿಯೇ ಬಿಟ್ಟೆ, ಒಣಗಿದಾಗ ಕುಸಿಯುತ್ತದೆ ಅಂತ. ಮಾರನೇ ದಿನ 120ರ ಮರಳು ಕಾಗದ, ಆಮೇಲೆ 240. ಪಕ್ಕದ ಅಕ್ಷರಗಳ ಮೇಲೆ ಟೇಪ್ ಅಂಟಿಸಿದ್ದೆ, ಇಲ್ಲದಿದ್ದರೆ ಅವೂ ಮಾಸುತ್ತಿದ್ದವು. ಕೊನೆಗೆ ಸುಡುವ ಪೆನ್ನಿಗೆ ಚೂಪು ಮೊನೆ ಹಾಕಿ, ಚುಕ್ಕಿಯನ್ನು ಕೆಳಕ್ಕೆ ಒಂದು ಎಳೆ ಎಳೆದೆ. ಮುಟ್ಟಿಸಿ ತೆಗೆದೆ, ಅಷ್ಟೆ. ಚುಕ್ಕಿ ಗುರುತಾಯಿತು. ವಸ್ತು ಮನುಷ್ಯನಾದ.

ಒಂದು ಕೊರತೆ ಉಳಿಯಿತು. ಗೋಂದು ಸೇರಿದ ಕಡೆ ಮರ ವ್ಯಾಕ್ಸ್ ಹೀರಲ್ಲ. ಬೆಳಕಿಗೆ ಓರೆ ಹಿಡಿದರೆ ಹಳೆಯ ಕೊಕ್ಕೆ ಮಸುಕಾಗಿ ಕಾಣುತ್ತದೆ.

ಗೆಳೆಯ ಗಡಿಯಾರ ತೆಗೆದುಕೊಂಡು ಮೊದಲು ತಿರುಗಿಸಿದ್ದೇ ಹಿಂಭಾಗ. ಓರೆ ಮಾಡಿ ನೋಡಿದ. ಕೊಕ್ಕೆ ಇದ್ದ ಜಾಗದ ಮೇಲೆ ಉಗುರು ಎಳೆದ. ಆನ್ ಮಾಡಿ ಐದು ನಿಮಿಷಕ್ಕೆ ಇಟ್ಟ. ಪರದೆ ನೋಡುತ್ತಾ ಇಬ್ಬರೂ ಸುಮ್ಮನೆ ಕೂತೆವು. ಲೊಷ್, ವೆಜ್, ಚಾ’, ವಾ’, ಪಘ್. ಬಜರ್ ಕೂಗಿತು.

"ಮಜ್" ಅಂದ.